ಕಾರವಾರದ ಕೊಲ್ಲಿಯೂ ನಮ್ಮ ಸ್ಥಳವರ್ಣನೆಯೂ

ಈಚೆಗೆ ಮಳವಳ್ಳಿಯ ಕಡೆಯ ನನ್ನ ಹಳೆಯ ಶಿಷ್ಯನೊಬ್ಬನು ತಾನು ಬರೆದ ಒಂದು ಪ್ರವಾಸಲೇಖನವನ್ನು ತಂದು ನನ್ನ ಮುಂದಿಟ್ಟು, "ಮೇಷ್ಟ್ರೇ, ಇದನ್ನು ನಮ್ಮ ಸಂಘದ ಪತ್ರಿಕೆಗೆ ಕೊಡಬಹುದೋ ಕೂಡದೋ, ತಾವು ನೋಡಿ ಹೇಳಬೇಕು" ಎಂದು ಕೇಳಿದನು. ಲೇಖನದ ವಿಷಯ ಕಾರವಾರದ ಕೊಲ್ಲಿ ಮತ್ತು ಅದರ ಸುತ್ತಣ ಪುರಾತನ ಊರುಗಳು. ಬರೆಹ ಶುದ್ಧವಾಗಿದ್ದಿತು, ಸಂಧಿದೋಷವಿಲ್ಲ, ವಿಭಕ್ತಿಪಲ್ಲಟವಿಲ್ಲ. ಆದರೆ ಓದಿ ಮುಗಿಸಿ ಕನ್ನಡಕವನ್ನು ತೆಗೆದಿಟ್ಟಾಗ ನನ್ನ ಮನಸ್ಸಿನಲ್ಲಿ ಕಾರವಾರವೂ ಇರಲಿಲ್ಲ, ಕೊಲ್ಲಿಯೂ ಇರಲಿಲ್ಲ. "ಮನೋಹರ" ಎಂಬ ಶಬ್ದ ಹನ್ನೊಂದು ಸಲ ಬಂದಿದ್ದಿತು. ತೆರೆಗಳು ಎಲ್ಲ ಕಡೆಯಲ್ಲಿಯೂ "ಮುತ್ತಿನ ಹಾರ"ಗಳಾಗಿದ್ದುವು. ಸೂರ್ಯಾಸ್ತಮಯವು "ಕುಂಕುಮವನ್ನು ಚೆಲ್ಲಿ"ದ್ದಿತು. ಕೆಂಪು ಶಾಯಿಯ ಲೇಖನಿಯನ್ನು ತೆಗೆದುಕೊಂಡು ಇವುಗಳನ್ನೆಲ್ಲ ಹೊಡೆದುಹಾಕಬೇಕೆಂದು ಕುಳಿತವನಿಗೆ ಕೈ ಏಳಲಿಲ್ಲ. ಕಾರಣವೇನೆಂದರೆ, ಆ ಮುತ್ತಿನ ಹಾರವೂ ಆ ಕುಂಕುಮವೂ ಮೂವತ್ತು ವರ್ಷಗಳ ಹಿಂದೆ ಪ್ರೌಢಶಾಲೆಯ ನಿಬಂಧದ ತರಗತಿಯಲ್ಲಿ ನಾನೇ ಅವನಿಗೆ ಬರೆಯಿಸಿಕೊಟ್ಟವು.

ಆಗ ನಾನು ಸಮುದ್ರವನ್ನು ಕಂಡಿರಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳುವುದು ನ್ಯಾಯ. ಮದ್ದೂರಿನ ಶಿಂಷೆಯೂ ಮಳವಳ್ಳಿಯ ಕಾವೇರಿಯೂ ನನ್ನ ಕಣ್ಣಿನ ಜಲರಾಶಿಗಳು. ಕೊಲ್ಲಿಯೆಂದರೆ ಭೂಪಟದಲ್ಲಿ ನಮ್ಮ ಕಾವೇರಿ ಹೋಗಿ ಬೀಳುವ ಬಂಗಾಳ ಕೊಲ್ಲಿ, ಅಷ್ಟೆ. ಆದರೂ ಪಾಠಶಾಲೆಯಲ್ಲಿ ಅಲಂಕಾರಶಾಸ್ತ್ರವನ್ನು ಓದಿದ್ದೆನಾಗಿ ಸಮುದ್ರವರ್ಣನೆಗೆ ನನಗೆ ಸಾಮಗ್ರಿಯ ಕೊರತೆಯಿರಲಿಲ್ಲ. ಮಹಾಕಾವ್ಯಕ್ಕೆ ಬೇಕಾದ ವರ್ಣನೆಗಳನ್ನು ಎಣಿಸುವಾಗ ದಂಡಿಯು ಮೊದಲಿಗೆ ನಗರವನ್ನೂ ಅದರ ಬೆನ್ನಿಗೆ ಸಮುದ್ರವನ್ನೂ ಹೇಳಿರುವನು. ನಮ್ಮ ಕನ್ನಡದ ಕವಿಗಳು ಅದನ್ನು ಅಷ್ಟಾದಶವರ್ಣನೆಯೆಂದು ತಲೆಯ ಮೇಲೆ ಹೊತ್ತು ನಡೆದರು. ಮಂದರದಿಂದ ಕಡೆಯಲ್ಪಟ್ಟುದು, ಲಕ್ಷ್ಮಿಗೆ ತೌರುಮನೆ, ಅಗಸ್ತ್ಯನ ಆಪೋಶನ, ಬಡಬಾಗ್ನಿ, ರೆಕ್ಕೆಯುಳ್ಳ ಮೈನಾಕನ ಅಡಗುದಾಣ, ತಿಮಿತಿಮಿಂಗಿಲಗಳು: ಈ ಆರೇಳು ಸರಕುಗಳಿದ್ದರೆ ಬಯಲುಸೀಮೆಯ ನಡುವೆ ಕುಳಿತವನೂ ಕಡಲನ್ನು ಬಣ್ಣಿಸಬಲ್ಲನು. ಹಾಗೆ ಬಣ್ಣಿಸಿದವರೂ ಅನೇಕರು. ಇದನ್ನು ನಾನು ಕೇವಲ ದೋಷವೆಂದು ಹೇಳುತ್ತಿಲ್ಲ. ಪ್ರಾಚೀನರಿಗೆ ಸಮುದ್ರವು ಒಂದು ಸ್ಥಳವಾಗಿರಲಿಲ್ಲ, ಒಂದು ಭಾವವಾಗಿದ್ದಿತು. ಗಾಂಭೀರ್ಯಕ್ಕೆ ಅದೊಂದು ಹೆಸರು. ಆದಿಪುರಾಣದಲ್ಲಿ ಭರತನು ದಿಗ್ವಿಜಯಕ್ಕಾಗಿ ಕಡಲ ತಡಿಗೆ ಬಂದಾಗ ನಮಗೆ ಬೇಕಾದುದು ಆ ತಡಿಯ ಹೆಸರಲ್ಲ, ಚಕ್ರವರ್ತಿಯ ಹೆಮ್ಮೆ ಎದುರಿಸುವ ಮೇರೆ. ಆ ಕಾವ್ಯದಲ್ಲಿ ಅದು ಸಲ್ಲುತ್ತದೆ. ಸಲ್ಲದಿರುವುದು ಎಲ್ಲಿ ಎಂದರೆ, ಬಸ್ಸಿನಲ್ಲಿ ಹೋಗಿ ಒಂದು ಹೆಸರುಳ್ಳ ಊರಿನಲ್ಲಿಳಿದು, ಅಲ್ಲಿಯ ಮಣ್ಣನ್ನು ಮೆಟ್ಟಿ ಬಂದವನು ಬರೆಯುವ ಗದ್ಯದಲ್ಲಿ.

ಕಾಳಿದಾಸನನ್ನು ಮಾತ್ರ ಈ ಗುಂಪಿನಿಂದ ಬೇರೆಯಾಗಿಡಬೇಕು. ರಘುವಂಶದ ಹದಿಮೂರನೆಯ ಸರ್ಗದಲ್ಲಿ ಪುಷ್ಪಕದಲ್ಲಿ ಕುಳಿತ ರಾಮನು ಸೀತೆಗೆ ಕಡಲನ್ನು ತೋರಿಸುವಾಗ ಪುರಾಣದ ಸರಕು ಅಲ್ಲಿಯೂ ಉಂಟು. ಆದರೆ ದೂರದಿಂದ ತೀರವು ಒಂದು ಕಪ್ಪು ಗೆರೆಯಾಗಿ ಕಾಣುವುದನ್ನು ಹೇಳುವ ಕಡೆಯಲ್ಲಿ ಕವಿಯ ಕಣ್ಣು ಕೆಲಸಮಾಡಿದೆ. ನಾಲ್ಕನೆಯ ಸರ್ಗದಲ್ಲಿ ರಘುವಿನ ಸೇನೆ ದಕ್ಷಿಣಕ್ಕೆ ಬಂದಾಗ ಮೆಣಸಿನ ಕಾಡುಗಳೂ ಏಲಕ್ಕಿಯ ಧೂಳಿಯೂ ಬರುತ್ತವೆ. ಎಂಟನೆಯ ಸರ್ಗದಲ್ಲಿ ನಾರದರು ದಕ್ಷಿಣಸಮುದ್ರದ ತಡಿಯ ಗೋಕರ್ಣದ ಈಶ್ವರನನ್ನು ಸೇವಿಸಲು ಹೋಗುವಾಗಲೇ ಅವರ ವೀಣೆಯ ಮಾಲೆ ಜಾರಿ ಇಂದುಮತಿಯ ಮೇಲೆ ಬೀಳುವುದು. ಕಾರವಾರದಿಂದ ದೂರವಲ್ಲದ ಒಂದು ಕರಾವಳಿಯ ಊರು ಹೀಗೆ ಸಂಸ್ಕೃತದ ಅತ್ಯಂತ ಪ್ರಸಿದ್ಧವಾದ ಶೋಕಪ್ರಸಂಗಕ್ಕೆ ನಿಮಿತ್ತವಾಗಿದೆ. ಇದನ್ನು ನಾನು ಎಷ್ಟೋ ವರ್ಷ ಪಾಠ ಹೇಳಿದೆನು. ಗೋಕರ್ಣವು ನಮ್ಮ ನಾಡಿನಲ್ಲಿಯೇ ಇದೆಯೆಂದು ಹುಡುಗರಿಗೆ ಒಂದು ಮಾತು ಹೇಳಬೇಕೆಂದು ತೋರಲಿಲ್ಲ.

ಶಿಷ್ಯನಿಗೆ ಉತ್ತರ ಹೇಳುವ ಮೊದಲು ಆ ಸ್ಥಳವನ್ನು ನಾನೇ ನೋಡತಕ್ಕದ್ದೆಂದು ನಿಶ್ಚಯಿಸಿ, ಅವನನ್ನೇ ಜೊತೆಗೆ ಕರೆದುಕೊಂಡು ಹೋಗಿಬಂದೆನು. ಹೋಗುವ ಮುಂಚೆ ಎರಡು ಗ್ರಂಥಗಳನ್ನು ಓದಿಕೊಂಡೆವು. ಇವೆರಡರ ವಿಚಾರವೇ ಈ ಲೇಖನದ ಮುಖ್ಯ ಭಾಗವಾದುದರಿಂದ ವಾಚಕರು ಸ್ವಲ್ಪ ನಿಧಾನಿಸಬೇಕೆಂದು ಕೋರುತ್ತೇನೆ.

1883ನೆಯ ಇಸವಿಯಲ್ಲಿ ಕಾರವಾರದ ಕೊಲ್ಲಿಯ ವಿಷಯದಲ್ಲಿ ಎರಡು ಸಂಗತಿಗಳು ನಡೆದುವು. ಮುಂಬಯಿ ಸರ್ಕಾರದವರು ಜೇಮ್ಸ್ ಕ್ಯಾಂಬೆಲ್ ಎಂಬವರ ಸಂಪಾದಕತ್ವದಲ್ಲಿ ಹೊರಡಿಸುತ್ತಿದ್ದ ಗೆಜೆಟಿಯರ್ ಮಾಲೆಯಲ್ಲಿ ಹದಿನೈದನೆಯದಾದ ಕಾನಡಾ ಜಿಲ್ಲೆಯ ಸಂಪುಟ, ಎರಡು ಭಾಗವಾಗಿ, ಆ ವರ್ಷ ಪ್ರಕಟವಾಯಿತು. ಅದೇ ವರ್ಷ ಇಪ್ಪತ್ತೆರಡು ವಯಸ್ಸಿನ ರವೀಂದ್ರನಾಥ ಠಾಕೂರರು, ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ಬಂದು ತಂಗಿದರು. ಒಂದೇ ನೀರನ್ನು ಒಂದೇ ಕಾಲದಲ್ಲಿ ಇಬ್ಬರು ನೋಡಿದಂತಾಯಿತು. ಒಬ್ಬನು ಎಣಿಸಿದನು, ಇನ್ನೊಬ್ಬನು ಕಂಡನು.

ಎಣಿಸಿದವನನ್ನು ಹಗುರವಾಗಿ ಕಾಣಬಾರದು. ಕಾನಡಾ ಜಿಲ್ಲೆಯನ್ನು ಒಡೆದು, ಉತ್ತರದ ಭಾಗವನ್ನು 1862ರಲ್ಲಿ ಮದರಾಸಿನಿಂದ ಮುಂಬಯಿಗೆ ಸೇರಿಸಿದ ಮೇಲೆ ಕಾರವಾರವು ಜಿಲ್ಲೆಯ ಮುಖ್ಯಸ್ಥಳವಾಗಿ ಬೆಳೆಯಿತು. ಅದಕ್ಕೆ ಹಿಂದೆ ಹೆಸರಿದ್ದುದು ಕಾಳೀನದಿಯ ದಂಡೆಯ ಮೇಲಿರುವ ಕಡವಾಡಕ್ಕೆ. ಕಡೆಯ ವಾಡವೇ ಕಡವಾಡ, ಅದೇ ಕಾರವಾರ ಎಂದು ಬಿಡಿಸಿ ಹೇಳುವವರುಂಟು. 1638ರಲ್ಲಿ ಇಂಗ್ಲಿಷ್ ವರ್ತಕರು ಬಂದು ಇಲ್ಲಿ ಕೋಠಿಯನ್ನು ಹಾಕಿದರು. ಕರಿಮೆಣಸು, ಏಲಕ್ಕಿ, ಘಟ್ಟದ ಮೇಲಿನಿಂದ ಇಳಿಯುತ್ತಿದ್ದ ನಯವಾದ ಹತ್ತಿಬಟ್ಟೆ ಅವರನ್ನು ಎಳೆದುತಂದ ಪದಾರ್ಥಗಳು. 1665ರಲ್ಲಿ ಶಿವಾಜಿಯು ಬಂದು ಈ ಊರಿನಿಂದ ಕಾಣಿಕೆಯನ್ನು ವಸೂಲು ಮಾಡಿದನು. ನದೀಮುಖದ ಉತ್ತರಕ್ಕೆ ಚಿತ್ತಾಕುಲ. ಅಲ್ಲಿಯ ಗುಡ್ಡದ ಮೇಲೆ ಸೋದೆಯ ಅರಸನು ಕಟ್ಟಿ ತನ್ನ ತಂದೆಯ ಹೆಸರಿಟ್ಟ ಕೋಟೆ ಸದಾಶಿವಗಡ. 1752ರಲ್ಲಿ ಅದನ್ನು ಹಿಡಿದ ಪೋರ್ಚುಗೀಸರು ಅಲ್ಲಿದ್ದ ಪೀರರ ಹೆಸರಿನಿಂದ ಅದನ್ನು ಕರೆದರು. ಬಳಿಕ ಹೈದರನ ಕೈಗೆ ಹೋಯಿತು. ಕೊಲ್ಲಿಯ ಬಾಯಲ್ಲಿ ಕೂರ್ಮಗಡ, ಅಲ್ಲಿ ನರಸಿಂಹ. ಬೆಸ್ತರು ವರ್ಷಕ್ಕೊಮ್ಮೆ ದೋಣಿಗಳಲ್ಲಿ ಜಾತ್ರೆಗೆ ಹೋಗುವರು. ಅದರಾಚೆ ದೇವಗಡ, 1864ರ ದೀಪಸ್ತಂಭ. ಒಂದು ಊರಿಗೆ ಇಷ್ಟು ಮಂದಿ ಒಡೆಯರೂ ಇಷ್ಟು ಮಂದಿ ದೇವರೂ ಏಕೆ ಬಂದರೆಂಬುದಕ್ಕೆ ಕಾರಣ ಒಂದೇ: ಗುಡ್ಡಗಳೂ ದ್ವೀಪಗಳೂ ಗಾಳಿಯನ್ನು ತಡೆದು ಹಡಗಿಗೆ ನೆಲೆ ಕೊಡುತ್ತವೆ, ನದಿಯು ಘಟ್ಟದ ಸರಕನ್ನು ತಂದು ಬಾಗಿಲಿಗೆ ಮುಟ್ಟಿಸುತ್ತದೆ. ಸೌಂದರ್ಯಕ್ಕೂ ಚರಿತ್ರೆಗೂ ಮೂಲ ಆ ಬಾಗಿದ ನೆಲವೇ. ನನ್ನ ಶಿಷ್ಯನು "ಪ್ರಕೃತಿಸೌಂದರ್ಯ" ಎಂದು ಒಂದು ಪ್ರಕರಣವನ್ನೂ "ಚಾರಿತ್ರಿಕ ಮಹತ್ವ" ಎಂದು ಮತ್ತೊಂದು ಪ್ರಕರಣವನ್ನೂ ಬೇರೆ ಬೇರೆ ಬರೆದಿದ್ದನು. ಗಂಡಹೆಂಡಿರಿಗೆ ಎರಡು ಮನೆ ಮಾಡಿಕೊಟ್ಟಂತೆ.

ಇನ್ನು ಕಂಡವನ ಮಾತು. ಠಾಕೂರರು 1912ರಲ್ಲಿ ಪುಸ್ತಕವಾಗಿ ಬಂದ ತಮ್ಮ ಜೀವನಸ್ಮೃತಿಯಲ್ಲಿ ಕಾರವಾರಕ್ಕೆ ಕೆಲವೇ ಪುಟಗಳನ್ನು ಕೊಟ್ಟಿರುವರು. ಆ ಪುಟಗಳಲ್ಲಿ ವಿಶೇಷಣಗಳು ವಿರಳ. ಕೊಲ್ಲಿಯ ಆಕಾರವನ್ನು ಒಂದು ಉಪಮೆಯಲ್ಲಿ ಮುಗಿಸಿ, ಗಾಳಿಮರಗಳ ಸಾಲನ್ನು ಹೇಳಿ, ಒಂದು ಬೆಳುದಿಂಗಳ ರಾತ್ರಿ ಸಣ್ಣ ದೋಣಿಯಲ್ಲಿ ಕಾಳೀನದಿಯನ್ನೇರಿ ಹೋದುದನ್ನು ನಿರೂಪಿಸುತ್ತಾರೆ. ಹಳೆಯ ಗಿರಿದುರ್ಗದ ಬಳಿ ಇಳಿದುದು, ಒಬ್ಬ ಒಕ್ಕಲಿಗನ ಮನೆಯ ಗುಡಿಸಿ ಸಾರಿಸಿದ ಅಂಗಳದಲ್ಲಿ ಕುಳಿತುದು, ಇಳಿತದ ನೀರಿನಲ್ಲಿ ತೇಲಿಬಂದು ನದೀಮುಖದಲ್ಲಿಳಿದು ಮರಳಿನ ಮೇಲೆ ನಡೆದು ಮನೆ ಸೇರಿದುದು: ಇಷ್ಟೇ ಕಥೆ. ಆದರೆ ಓದಿದವನ ಅಂಗಾಲಿಗೆ ಮರಳು ತಗಲುತ್ತದೆ. ಏಕೆಂದರೆ ಇಲ್ಲಿ ನೋಡುವವನು ಒಂದೆಡೆ ನಿಂತು ದೃಶ್ಯವನ್ನು ಬಣ್ಣಿಸುತ್ತಿಲ್ಲ. ನೀರಿನ ಏರಿಳಿತಕ್ಕೆ ಒಳಗಾಗಿ ಚಲಿಸುತ್ತಿದ್ದಾನೆ. ಭರತ ಇಳಿತಗಳ ಲೆಕ್ಕವನ್ನು ತಿಳಿಯದ ನಾವು ಮಂಡ್ಯದವರು ಇದನ್ನು ಎರಡು ಸಲ ಓದಬೇಕು. ನಮ್ಮ ಹೊಳೆಗಳು ಒಂದೇ ಕಡೆಗೆ ಹರಿಯುತ್ತವೆ.

ಒಂದು ಆಕ್ಷೇಪವನ್ನು ಮಾತ್ರ ಹೇಳದೆ ಬಿಡಲಾರೆ. ಆ ದುರ್ಗವನ್ನು ಕವಿಗಳು ಶಿವಾಜಿಯದೆಂದು ಬರೆದಿರುವರು. ನದಿಯ ಮೇಲಣ ಆ ದುರ್ಗ ಸದಾಶಿವಗಡವೆಂದೇ ತೋರುತ್ತದೆ, ಅದಾದರೋ ಸೋದೆಯವರದು. ಸ್ಥಳೀಯರು ಹೇಳಿದುದನ್ನು ಅವರು ಕೇಳಿಕೊಂಡು ಬರೆದಿರಬಹುದು. ಬೆಳುದಿಂಗಳಿನ ಪುಟದಲ್ಲಿ ಈ ತಪ್ಪು ಯಾರನ್ನೂ ನೋಯಿಸುವುದಿಲ್ಲ. ಆದರೆ ಈಚಿನ ಪ್ರವಾಸಲೇಖಕರು ಕವಿಯ ಕಣ್ಣನ್ನು ಎರವಲು ತರಲಾರದೆ ಅವರ ತಪ್ಪನ್ನು ಮಾತ್ರ ತಂದುಕೊಂಡಿರುವರು. ಸೋದೆಯೆಂಬ ಕನ್ನಡದ ಒಂದು ಸಂಸ್ಥಾನದ ಹೆಸರು ಹೀಗೆ ಅದರ ಕೋಟೆಯಿಂದಲೇ ಅಳಿದುಹೋಗುತ್ತಿರುವುದು ನನಗೆ ಸಣ್ಣ ವಿಷಯವಾಗಿ ಕಾಣುವುದಿಲ್ಲ. ಇಂಥ ಕಡೆಯಲ್ಲಿ ಎಣಿಸಿದವನ ಪಕ್ಕಕ್ಕೆ ನಿಲ್ಲಬೇಕು.

ಕಾರವಾರದಲ್ಲಿ ಠಾಕೂರರು ಬರೆದುದು "ಪ್ರಕೃತಿರ್ ಪ್ರತಿಶೋಧ" ಎಂಬ ನಾಟಕ, ಅಚ್ಚಾದುದು 1884ರಲ್ಲಿ. ಒಬ್ಬ ಸಂನ್ಯಾಸಿಯು ಗುಹೆಯಲ್ಲಿ ತಪಸ್ಸು ಮಾಡಿ ಪ್ರಕೃತಿಯನ್ನು ಗೆದ್ದೆನೆಂದು ಹೊರಗೆ ಬರುತ್ತಾನೆ. ಹಾದಿಯಲ್ಲಿ ಹಳ್ಳಿಯ ಜನ ಹಾದುಹೋಗುತ್ತಾರೆ, ಜಗಳವಾಡುತ್ತಾರೆ, ನಗುತ್ತಾರೆ. ಅವನಿಗೆ ಅದೆಲ್ಲ ತುಚ್ಛ. ಎಲ್ಲರೂ ಮುಟ್ಟಬಾರದೆಂದು ದೂರವಿಟ್ಟ ಒಬ್ಬ ಅನಾಥ ಬಾಲಿಕೆ ಅವನ ಆಶ್ರಯಕ್ಕೆ ಬರುತ್ತಾಳೆ. ಸ್ನೇಹವು ಬಂಧನವಾದೀತೆಂದು ಹೆದರಿ ಅವನು ಓಡಿಹೋಗುತ್ತಾನೆ. ಕಡೆಗೆ ದಂಡಕಮಂಡಲುಗಳನ್ನು ಎಸೆದು ಮರಳಿ ಬಂದಾಗ ಮಗು ಸತ್ತಿರುತ್ತದೆ. ತಮ್ಮ ಮುಂದಿನ ಕೃತಿಗಳಿಗೆಲ್ಲ ಇದು ಪೀಠಿಕೆಯಿದ್ದಂತೆ, ಸೀಮಿತದಲ್ಲಿಯೇ ಅಸೀಮವನ್ನು ಪಡೆಯುವ ಆನಂದವೇ ಅವುಗಳ ವಿಷಯ ಎಂಬ ಅರ್ಥದಲ್ಲಿ ಕವಿಗಳೇ ಮುಂದೆ ಹೇಳಿಕೊಂಡಿರುವರು.

ಈ ನಾಟಕದಲ್ಲಿ ಕಾರವಾರವಿಲ್ಲ. ಆದರೂ ಆ ಮರಳದಂಡೆಯ ಮೇಲೆ ಸಂಜೆಯ ಹೊತ್ತು ನಿಂತಾಗ ಇದು ಇಲ್ಲಿಯದೇ ಕೃತಿಯೆಂದು ನನಗೆ ತೋರಿತು. ತೆರೆದ ಸಮುದ್ರಕ್ಕೆ ಮೇರೆಯಿಲ್ಲ. ನೋಡುವವನ ಮನಸ್ಸು ಅಲ್ಲಿ ನಿಲ್ಲಲಾರದು. ಕೊಲ್ಲಿಯಾದರೆ ನೆಲವು ಸಮುದ್ರದ ಒಂದು ತುಂಡನ್ನು ಹಿಡಿದುಕೊಂಡಿದೆ, ಆದರೆ ಮುಚ್ಚಿಲ್ಲ. ಅಸೀಮವು ಸೀಮೆಯೊಳಕ್ಕೆ ಬಂದು ದಿನಕ್ಕೆರಡು ಸಲ ಏರಿ ಇಳಿಯುವುದನ್ನು ನೋಡುತ್ತ ತಿಂಗಳುಗಟ್ಟಳೆ ಕಳೆದ ತರುಣನೊಬ್ಬನಿಗೆ ಆ ವಸ್ತು ಹೊಳೆದುದು ಆಕಸ್ಮಿಕವೆಂದು ನಾನು ನಂಬಲಾರೆ. ಆ ವರ್ಷದ ಡಿಸೆಂಬರಿನಲ್ಲಿಯೇ ಅವರು ಗೃಹಸ್ಥರೂ ಆದರು; ಸಂನ್ಯಾಸಿಯ ಸೋಲನ್ನು ಬರೆದ ಮೇಲೆ ಅದು ತಕ್ಕುದೇ. ಆದರೆ ನಾಟಕವು ನಾಟಕವಾಗಿ ಪೂರ್ಣವೆಂದು ಹೇಳಲಾರೆ. ಸಂನ್ಯಾಸಿಯ ಸ್ವಗತಗಳು ಉದ್ದ. ಬಾಲಿಕೆ ಮಗುವಾಗಿರುವುದಕ್ಕಿಂತ ಹೆಚ್ಚಾಗಿ ತತ್ತ್ವವಾಗಿದ್ದಾಳೆ. ಜೀವವಿರುವುದು ಹಾದಿಯಲ್ಲಿ ಸುಮ್ಮನೆ ಬಂದುಹೋಗುವ ಜನರ ಮಾತಿನಲ್ಲಿ. ಮೊದಲನೆಯ ಓದಿಗೆ ಅಡಚಣೆಯಂತೆ ಕಾಣುವ ಆ ದೃಶ್ಯಗಳನ್ನೇ ನಾನು ಈಗ ಮೇಲೆಂದು ಎಣಿಸುತ್ತೇನೆ.

ನಮ್ಮ ಕನ್ನಡದಲ್ಲಿ ಕಡಲು ಹೇಗೆ ಬಂದಿತೆಂಬುದನ್ನು ಸಂಕ್ಷೇಪವಾಗಿ ಹೇಳಿ ಮುಂದುವರಿಯುತ್ತೇನೆ. ಗೋಕಾಕರ "ಸಮುದ್ರಗೀತೆಗಳು" 1940ರಲ್ಲಿ ಬಂದುವು. ಸವಣೂರಿನ ಬಯಲಿನಲ್ಲಿ ಹುಟ್ಟಿದ ಕವಿ ಆಂಗ್ಲದೇಶಕ್ಕೆ ಹಡಗಿನಲ್ಲಿ ಹೋಗಿಬಂದ ಫಲ. ಅಲ್ಲಿ ಕಡಲಿಗೆ ತಕ್ಕ ಹೊಸ ಲಯವನ್ನು ಹುಡುಕುವ ಸಾಹಸವುಂಟು, ಆದರೆ ಅದು ಪ್ರಯಾಣಿಕನ ಕಡಲು. ಮರುವರ್ಷ ಬಂದ ಕಾರಂತರ "ಮರಳಿ ಮಣ್ಣಿಗೆ"ಯಲ್ಲಿ ಹೊಳೆಗೂ ಕಡಲಿಗೂ ನಡುವೆ ಸಿಕ್ಕಿದ ಕೋಡಿಯ ಮನೆ ಮೂರು ತಲೆಮಾರು ಬಾಳುತ್ತದೆ. ಅಲ್ಲಿ ಕಡಲು ವರ್ಣನೆಗೆ ಸಿಕ್ಕುವುದೇ ಅಪರೂಪ, ದುಡಿಮೆಯ ಮಧ್ಯೆ ಅದರ ಸದ್ದು ಕೇಳುತ್ತಿರುತ್ತದೆ. ಅಂಕೋಲೆಯ ತಾಲ್ಲೂಕಿನವರಲ್ಲಿ ದಿನಕರ ದೇಸಾಯರೂ, ನೆರೆಯ ಹನೇಹಳ್ಳಿಯ ಯಶವಂತ ಚಿತ್ತಾಲರೂ, ಗೋಕರ್ಣದ ಗೌರೀಶ ಕಾಯ್ಕಿಣಿಯವರೂ ಈ ತೀರವನ್ನು ಒಳಗಿನಿಂದ ಬಲ್ಲವರು. ಮುಂಬಯಿಯಲ್ಲಿ ಬಾಳುವೆ ನಡೆಸಿದ ಚಿತ್ತಾಲರು ಜನ್ಮವಿಡೀ ಹನೇಹಳ್ಳಿಯನ್ನು ಬರೆದರು. ಅಲ್ಲಿ "ಮನೋಹರ"ವೆಂಬ ಮಾತಿಗೆ ಎಡೆಯೇ ಇಲ್ಲ. ಅಂಕೋಲೆಯ ಬಡಿಗೇರಿಯ ಹಾಲಕ್ಕಿ ಒಕ್ಕಲಿಗರ ಸುಕ್ರಿ ಬೊಮ್ಮಗೌಡರು ಅಕ್ಷರವನ್ನರಿಯದೆ ಬಹುಸಂಖ್ಯೆಯ ಹಾಡುಗಳನ್ನು ಕಂಠದಲ್ಲಿಟ್ಟುಕೊಂಡಿದ್ದರು. 2017ರಲ್ಲಿ ಪದ್ಮಶ್ರೀ ಬಂದಿತು, 2025ರಲ್ಲಿ ತೀರಿಕೊಂಡರು. ನಮ್ಮ ಲೇಖನಗಳಲ್ಲಿ ಹಾಲಕ್ಕಿ ಹೆಂಗಸರ ಕೊರಳಿನ ಮಣಿಸರಗಳ ವರ್ಣನೆ ಬರುತ್ತದೆ. ಅದೇ ಕೊರಳಿನ ಹಾಡಿನ ಮಾತು ಬರುವುದಿಲ್ಲ.

ಈಗ ಆ ಲೇಖನದಲ್ಲಿ ನನ್ನ ಶಿಷ್ಯನು ಬಿಟ್ಟುದನ್ನು ಹೇಳಬೇಕು. ಕಾರವಾರದಿಂದ ದಕ್ಷಿಣಕ್ಕೆ ಬಿಣಗಾ, ಅರಗಾ. ಎದುರಿಗೆ ಗೋವೆಗೆ ಸೇರಿದ ಅಂಜದೀವ. 1498ರಲ್ಲಿ ವಾಸ್ಕೋ ಡ ಗಾಮನು ನೀರಿಗಾಗಿ ಇಳಿದ ದ್ವೀಪವದು. 1505ರಲ್ಲಿ ಪೋರ್ಚುಗೀಸರು ಅಲ್ಲಿ ಕೋಟೆ ಹಾಕಿದರು. ಮುಂಬಯಿಯನ್ನು ವಶಕ್ಕೆ ತೆಗೆದುಕೊಳ್ಳಲು 1662ರಲ್ಲಿ ಬಂದ ಇಂಗ್ಲಿಷ್ ಸೈನಿಕರು, ಕೊಡುವವರು ಕೊಡದುದರಿಂದ, ಆ ದ್ವೀಪದಲ್ಲಿಯೇ ಕಾದು ಕಾದು ಬಹುಪಾಲು ರೋಗದಿಂದ ಸತ್ತರು. ಅವರ ನಾಯಕನೂ ಉಳಿಯಲಿಲ್ಲ. 1961ರ ಡಿಸೆಂಬರ್ 18ರಂದು ನಮ್ಮ ನೌಕಾಪಡೆ ಅದನ್ನು ಬಿಡಿಸಿಕೊಳ್ಳುವಾಗ ಏಳು ಮಂದಿ ನಾವಿಕರು ಪ್ರಾಣಕೊಟ್ಟರು. ಅಂದು ಅಲ್ಲಿದ್ದ ಯುದ್ಧನೌಕೆಗಳಲ್ಲಿ ಒಂದರ ಹೆಸರು ಮೈಸೂರು. ಈಗ ಆ ದ್ವೀಪಕ್ಕೂ ನೆಲಕ್ಕೂ ಕಲ್ಲಿನ ಅಲೆತಡೆಯನ್ನು ಕಟ್ಟಿ ಸೇರಿಸಿದೆ. 1986ರಲ್ಲಿ ತಳಹದಿ ಹಾಕಿದ ನೌಕಾನೆಲೆ 2005ರಲ್ಲಿ ಕದಂಬ ಎಂಬ ಹೆಸರಿನಿಂದ ಸೇವೆಗೆ ಬಂದಿತು. ಅದಕ್ಕಾಗಿ ಕಾರವಾರ ಅಂಕೋಲೆ ತಾಲ್ಲೂಕುಗಳ 13 ಗ್ರಾಮಗಳಿಂದ ನಾಲ್ಕು ಸಾವಿರಕ್ಕೂ ಮಿಕ್ಕ ಕುಟುಂಬಗಳು ಎದ್ದುಹೋಗಬೇಕಾಯಿತು. ದೇಶರಕ್ಷಣೆಗೆ ನೆಲೆ ಬೇಕೆಂಬುದರಲ್ಲಿ ನನಗೆ ಸಂದೇಹವಿಲ್ಲ; ಬನವಾಸಿಯ ರಾಜವಂಶದ ಹೆಸರನ್ನು ಅದಕ್ಕಿಟ್ಟುದು ಕನ್ನಡಿಗನಾದ ನನಗೆ ಸಂತೋಷವೇ. ನನ್ನ ಪ್ರಶ್ನೆ ಲೇಖಕನ ಮೇಲೆ. ಕೊಲ್ಲಿಯ ಪರಂಪರೆಯನ್ನು ಬರೆಯಹೊರಟವನು ಅರ್ಧಚಂದ್ರಾಕಾರದ ಮರಳನ್ನು ಕಂಡು, ಆ ಚಂದ್ರನ ಪಕ್ಕದಲ್ಲಿಯೇ ಖಾಲಿಯಾದ ಊರುಗಳನ್ನು ಹೇಗೆ ಕಾಣದೆ ಹೋದನು?

ಬೈತಖೋಲದ ಬಳಿ ಮೀನು ಮಾರುತ್ತಿದ್ದ ಒಬ್ಬ ವೃದ್ಧೆಯನ್ನು ಮಾತನಾಡಿಸಿದೆವು. ಆಕೆಯದು ಕೊಂಕಣಿ, ಅಲ್ಪಸ್ವಲ್ಪ ಕಲಿತಿದ್ದ ಶಿಷ್ಯನು ನನಗೆ ಕನ್ನಡದಲ್ಲಿ ಹೇಳುತ್ತಿದ್ದನು. ಮದುವೆಯಾಗಿ ಹೋದ ಊರು ಅರಗಾ ಎಂದಳು. ಅಲ್ಲಿಯ ತುಳಸೀಕಟ್ಟೆಯ ಕಲ್ಲನ್ನು ಹೊಸ ಮನೆಗೆ ತಂದಿದ್ದಾಳಂತೆ. "ಕಟ್ಟೆ ಬಂತು, ಗಾಳಿ ಬರಲಿಲ್ಲ" ಎಂದಳು. ನಾನು ಶಿಷ್ಯನ ಮುಖವನ್ನು ನೋಡಿದೆನು. ಅವನು ಮರಳನ್ನು ನೋಡುತ್ತಿದ್ದನು. ಆ ಸಂಜೆಯೇ ಕೋಡಿಬಾಗದಿಂದ ಸದಾಶಿವಗಡಕ್ಕೆ ಹೋಗುವಾಗ, 2024ರ ಆಗಸ್ಟಿನ ಒಂದು ನಡುರಾತ್ರಿ ಹಳೆಯ ಸೇತುವೆ ಕುಸಿದ ಜಾಗವನ್ನು ದಾರಿಹೋಕರು ತೋರಿಸಿದರು. ಲಾರಿಯೊಂದು ನದಿಗೆ ಬಿದ್ದುದನ್ನೂ, ಮೀನುಗಾರರೂ ಪೋಲೀಸಿನವರೂ ಸೇರಿ ಚಾಲಕನನ್ನು ಎತ್ತಿದುದನ್ನೂ ಹೇಳಿದರು. ಠಾಕೂರರ ದೋಣಿ ಹೋದ ನೀರು ಅದೇ.

ಪರರ ಊರಿನ ವಿಷಯದಲ್ಲಿ ಇಷ್ಟು ಕಟುವಾಗಿ ಬರೆಯುವ ಹಕ್ಕು ನಮಗುಂಟೇ ಎಂದು ಹಿಂತಿರುಗುವ ರೈಲಿನಲ್ಲಿ ಯೋಚಿಸಿದೆನು. ನಮ್ಮ ಜಿಲ್ಲೆಯನ್ನೇ ನೋಡಿ. ಕೃಷ್ಣರಾಜಸಾಗರದ ಬೃಂದಾವನದ ದೀಪಗಳನ್ನೂ ಕಾರಂಜಿಗಳನ್ನೂ ಕುರಿತು ನಾನು ತಿದ್ದಿದ ನಿಬಂಧಗಳ ಸಂಖ್ಯೆ ನನಗೇ ತಿಳಿಯದು. ಆ ನೀರಿನ ಕೆಳಗೆ ಹಳೆಯ ಕನ್ನಂಬಾಡಿಯಿದೆಯೆಂದು ಒಂದು ನಿಬಂಧದಲ್ಲಾದರೂ ಬಂದುದು ನೆನಪಿಲ್ಲ. ಬರೆಯಿರೆಂದು ನಾನೂ ಹೇಳಲಿಲ್ಲ. ಮುಳುಗಿದ ಊರಿನ ವೇಣುಗೋಪಾಲಸ್ವಾಮಿಯ ಗುಡಿ, ಅಣೆಯಲ್ಲಿ ನೀರು ಇಳಿದ ವರ್ಷಗಳಲ್ಲಿ ತಲೆಯೆತ್ತಿ ಕಾಣಿಸಿಕೊಳ್ಳುತ್ತಿದ್ದು, ಕಡೆಗೆ ಕಲ್ಲು ಕಲ್ಲಾಗಿ ಬಿಚ್ಚಿ ಮೇಲಣ ದಡಕ್ಕೆ ತಂದು ಕಟ್ಟಲ್ಪಟ್ಟಿತು. ಆ ಊರು ಮುಳುಗಿದುದರಿಂದಲೇ ವಿಶ್ವೇಶ್ವರಯ್ಯ ನಾಲೆಯ ನೀರು ಹುಲಿಕೆರೆಯ ಸುರಂಗದಿಂದ ಹೊರಟು ಮಂಡ್ಯ, ಮದ್ದೂರು, ಮಳವಳ್ಳಿಗಳ ಗದ್ದೆಗೆ ಬಂದಿತು. ಈ ಪತ್ರಿಕೆಯನ್ನು ಓದುವ ನಮ್ಮಲ್ಲಿ ಆ ನೀರಿನ ಅನ್ನವನ್ನು ಉಣ್ಣದವರು ಯಾರು? 1930ರ ಏಪ್ರಿಲಿನಲ್ಲಿ ಅಂಕೋಲೆಯವರು ಉಪ್ಪಿನ ಕಾನೂನನ್ನು ಮುರಿದುದನ್ನೂ, 1938ರ ಏಪ್ರಿಲಿನಲ್ಲಿ ಮದ್ದೂರಿನ ಶಿವಪುರದಲ್ಲಿ ಧ್ವಜವೇರಿಸಿದುದನ್ನೂ ಒಂದೇ ಪಾಠದಲ್ಲಿ ಹೇಳಬಹುದಾಗಿದ್ದಿತು. ಅದನ್ನೂ ನಾನು ಮಾಡಲಿಲ್ಲ. ಶಿವನಸಮುದ್ರದ ಧುಮುಕನ್ನು ಬಣ್ಣಿಸುವಾಗಲೂ 1902ರಲ್ಲಿ ಆ ನೀರಿನ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋಯಿತೆಂಬ ಮಾತನ್ನು ವಿಜ್ಞಾನದ ಮೇಷ್ಟ್ರ ಪಾಲಿಗೆ ಬಿಟ್ಟು, ನಾನು ಮುತ್ತಿನ ಹಾರವನ್ನು ಇಟ್ಟುಕೊಂಡೆನು.

ಶಿಷ್ಯನು ಹದಿನೈದು ದಿನ ಬಿಟ್ಟು ಲೇಖನವನ್ನು ಮತ್ತೆ ಬರೆದುತಂದನು. ಮೊದಲು ಹನ್ನೆರಡು ಪುಟವಿದ್ದುದು ಈಗ ಐದಾಗಿದೆ. ಪ್ರಕರಣಗಳ ತಲೆಬರೆಹಗಳು ಹೋಗಿವೆ. ಆರಂಭದಲ್ಲಿ ತುಳಸೀಕಟ್ಟೆಯ ಕಲ್ಲು ಇದೆ. ಕೊಲ್ಲಿಯ ಆಕಾರ ಎರಡನೆಯ ಪುಟದಲ್ಲಿ, ಗಾಳಿಯ ಮಾತಿನೊಂದಿಗೆ ಬರುತ್ತದೆ. ಭಾಷೆ ಮೊದಲಿನಷ್ಟು ನುಣುಪಾಗಿಲ್ಲ. ಎರಡು ಕಡೆ ವಾಕ್ಯ ಎಡವಿದೆ, ನಾನು ಹಾಗೆಯೇ ಬಿಟ್ಟಿದ್ದೇನೆ. ಸದಾಶಿವಗಡವನ್ನು ಮಾತ್ರ ಅವನು ಇನ್ನೂ ಶಿವಾಜಿಯ ಕೋಟೆಯೆಂದೇ ಬರೆದಿದ್ದನು. ಅದನ್ನು ಸೀಸದ ಕಡ್ಡಿಯಿಂದ ತಿದ್ದಿ, ಸೋದೆಯ ಹೆಸರನ್ನು ಪಕ್ಕದಲ್ಲಿ ಬರೆದು, ಸಂಪಾದಕರಿಗೆ ಕಳುಹಿಸಿದ್ದೇನೆ.